ಕಂಸದೊಳಗಿನ ಹೆಸರು

ಇನ್ಸ್‌ಪೆಕ್ಟರಮ್ಮ ಸಮವಸ್ತ್ರದ ತೋಳಿಗೆ ಗುಂಡಿ ಹೊಲಿದು ದಾರವನ್ನು ಹಲ್ಲಿನಿಂದ ಕಡಿಯುತ್ತಿದ್ದಳು. ಆಗ ಠಾಣೆಯೊಳಗೆ ಬಂದ ಪ್ರೊಫೆಸರು ಅವಳ ತಲೆಯ ಮೇಲಿಂದ ಗೋಡೆ ನೋಡುತ್ತಾ ಕೇಳಿದರು, "ಸಾಹೇಬ್ರು ಯಾರೂ ಇಲ್ವೇನಮ್ಮ?"

"ನಾನೇ ಸಾಹೇಬ್ರು. ಕೂತ್ಕೊಳ್ಳಿ."

ದೂರು ಇಷ್ಟು: ಸಸ್ಯ ಸಂಗ್ರಹಾಲಯದಿಂದ, ಒಣಗಿಸಿ ಹಾಳೆಗೆ ಅಂಟಿಸಿಟ್ಟಿದ್ದ ಗಿಡವೊಂದು ಕಳುವಾಗಿದೆ. ಪ್ರೊಫೆಸರೇ ಕಂಡುಹಿಡಿದು ಹೆಸರಿಟ್ಟ ಹೊಸ ಜಾತಿ; ಆ ಹೆಸರಿಗೆ ಆಧಾರವಾದ ಮೂಲ ಮಾದರಿ ಜಗತ್ತಿನಲ್ಲಿ ಅದೊಂದೇ. ಕದ್ದವಳು ತಮ್ಮ ಸಂಶೋಧನಾ ವಿದ್ಯಾರ್ಥಿನಿ ಎಂದು ತೀರ್ಪನ್ನೂ ಅವರೇ ಕೊಟ್ಟರು. ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಪಂಚನಾಮೆ. ಸಸ್ಯಕುಟುಂಬಕ್ಕೊಂದರಂತೆ ಕಬ್ಬಿಣದ ಬೀರುಗಳು. ಯಾವ ಬೀಗವೂ ಒಡೆದಿರಲಿಲ್ಲ. ವಿದ್ಯಾರ್ಥಿನಿಯ ಬಳಿಯಿದ್ದ ಬೀಗದಕೈಗಳನ್ನು ಪ್ರೊಫೆಸರು ಹಿಂದಿನ ವಾರವೇ ಕಸಿದುಕೊಂಡಿದ್ದರು.

"ಯಾಕೆ ಕಿತ್ಕೊಂಡ್ರು?" ಎಂದು ಇನ್ಸ್‌ಪೆಕ್ಟರಮ್ಮ ಅಲ್ಲೇ ನಿಂತಿದ್ದ ವಿದ್ಯಾರ್ಥಿನಿಯನ್ನು ಕೇಳಿದಳು.

"ಹೂವನ್ನ ನೆನೆಸಿ ಸೀಳಿ ನೋಡೋಣ ಸರ್ ಅಂದೆ ಮೇಡಂ. ಅಂಡಾಶಯ ದಳಗಳ ಕೆಳಗಿರೋ ಹಾಗೆ ಕಾಣ್ತು. ಹಾಗಿದ್ರೆ ಅದು ಅವರು ಬರೆದಂತೆ ಕಣಗಿಲೆ ಕುಟುಂಬದ್ದಲ್ಲ, ಕಾಫಿ ಕುಟುಂಬದ್ದು." ಹುಡುಗಿ ದುಪಟ್ಟಾದಿಂದ ಕಣ್ಣೊರೆಸಿಕೊಂಡಳು. "ಕೇಸಾದ್ರೆ ನನ್ನ ಓದು ಮುಗೀತು ಮೇಡಂ."

ಅಳುವವರಿಗೆ ಸಮಾಧಾನ ಹೇಳುವ ಚಾಳಿ ಇನ್ಸ್‌ಪೆಕ್ಟರಮ್ಮನಿಗಿರಲಿಲ್ಲ. ಕಾಫಿ ಕುಟುಂಬದ ಬೀರು ತೆರೆಸಿದಳು. ಹಾಳೆ ಅಲ್ಲಿತ್ತು, ತನ್ನ ಹತ್ತಿರದ ನೆಂಟರ ನಡುವೆ, ಇರಬೇಕಾದಲ್ಲೇ.

ಪಂಚರೆದುರು ಪ್ರೊಫೆಸರ ಮುಖ ಸುಟ್ಟ ಬದನೆಕಾಯಿಯಂತಾಯಿತು.

"ಬೀಗದಕೈ ಇರೋದು ನಿಮ್ಮೊಬ್ಬರ ಹತ್ರ. ಬಚ್ಚಿಡೋ ಬದಲು ಸುಟ್ಟುಹಾಕ್ಬಹುದಿತ್ತಲ್ಲ?"

"ಮೂಲ ಮಾದರಿನಾ? ಯಾರಾದ್ರೂ ಸುಡ್ತಾರೇನ್ರೀ!"

"ಬೇರೆ ಬೀರುಗೆ ತುರುಕಬಹುದಿತ್ತು."

"ನಲವತ್ತು ವರ್ಷದ ಅಭ್ಯಾಸ. ಗೊತ್ತಿದ್ದೂ ತಪ್ಪು ಜಾಗದಲ್ಲಿಡೋಕೆ ಕೈ ಬರ್ಲಿಲ್ಲ."

"ಹುಡುಗೀನ ಜೈಲಿಗೆ ಕಳಿಸೋಕೆ ಚೆನ್ನಾಗೇ ಬಂತು."

ಸುಳ್ಳು ದೂರು ಕೊಟ್ಟ ಆರೋಪದ ಮೇಲೆ ಸಂಜೆಗೆ ಬಂಧನವಾಯಿತು. ಹೇಳಿಕೆಯಲ್ಲಿ ಕಾರಣ ಹೊರಬಿತ್ತು. ಕುಟುಂಬ ಬದಲಾದರೂ ಗಿಡಕ್ಕೆ ಅವರು ಕೊಟ್ಟ ಹೆಸರಿನ ಎರಡನೆಯ ಪದ ಉಳಿಯುತ್ತಿತ್ತು. ಆದರೆ ಪದ್ಧತಿಯಂತೆ, ಗಿಡದ ಹೆಸರಿನ ಮುಂದೆ ಬರೆಯುವಾಗ ಮೊದಲು ಹೆಸರಿಟ್ಟವರು ಕಂಸದೊಳಗೆ ಸರಿಯಬೇಕು. ತಿದ್ದಿದವರ ಹೆಸರು ಹೊರಗೆ ಬರುತ್ತದೆ.

"ನನ್ನ ಕೈಕೆಳಗಿನ ಹುಡುಗಿ ಹೊರಗೆ, ನಾನು ಒಳಗೆ!"

"ಈಗ್ಲೂ ಒಳಗೇ ಅಲ್ವಾ ಸ್ವಾಮಿ," ಎಂದು ಕಾನ್‌ಸ್ಟೇಬಲ್ ಲಾಕಪ್ ಬಾಗಿಲೆಳೆದ. "ಇಷ್ಟಕ್ಕೇನಾ ಮೇಡಂ?"

"ಇಷ್ಟಕ್ಕೇ. ತಲೆ ಬೆಳೀತು, ಮನಸ್ಸು ಬೆಳೀಲಿಲ್ಲ."

ಫೋನು ಬಂತು. ಮೇಲಧಿಕಾರಿ. "ಭೇಷ್ ಕಣಮ್ಮ! ತನಿಖೆ ನನ್ನ ನೇತೃತ್ವದಲ್ಲೇ ನಡೀತು ಅಂತ ವರದೀಲಿ ಬರೆದ್ಬಿಡು, ಯಾವಾಗ್ಲೂ ಬರೆಯೋ ಹಾಗೆ."

ಅವರು ಆ ಸಂಗ್ರಹಾಲಯದ ಮೆಟ್ಟಿಲನ್ನೂ ತುಳಿದಿರಲಿಲ್ಲ.

"ಆಯ್ತು ಸರ್."

ಫೋನಿಟ್ಟಳು. ಆ ಸಾಲನ್ನು ಈ ಸಲ ಬರೆಯುವುದಿಲ್ಲ ಎಂದುಕೊಂಡಳು.

"ಸಾಹೇಬ್ರು ಏನಂದ್ರು ಮೇಡಂ?"

"ಭೇಷ್ ಅಂದ್ರು," ಎಂದು ವರದಿಯ ಹಾಳೆ ಎಳೆದುಕೊಂಡಳು.