ವಾರ್ಡಿನ ಹೊರಗೇ ನಿಂತ ಅಪ್ಪ

“ಇವತ್ತೂ ಬಾಗಿಲಲ್ಲೇ ನಿಂತು ಹೋಗ್ತೀರಾ?”

ಮಕ್ಕಳ ವಾರ್ಡಿನ ಹೊರಗೆ ಗಂಡನಿಗೆ ಅಡ್ಡ ನಿಂತು ಅವಳು ಕೇಳಿಯೇಬಿಟ್ಟಳು.

ಅವನು ಗಾಜಿನ ಅಂಗಡಿಯ ಕೆಲಸದಿಂದ ನೇರ ಬಂದಿದ್ದ. ಅಂಗಿಯ ತೋಳಲ್ಲಿ ಗಾಜಿನ ಪುಡಿ ಇನ್ನೂ ಮಿನುಗುತ್ತಿತ್ತು.

ಒಳಗೆ, ಮೂಗಿಗೆ ಆಕ್ಸಿಜನ್ ನಳಿಕೆ ಸಿಕ್ಕಿಸಿಕೊಂಡು ಮಲಗಿದ್ದವಳು ಅವರ ಹಸುಗೂಸು. ಹಿಡಿಯಷ್ಟಿದ್ದ ಮಗಳನ್ನು ‘ಗುಂಡಮ್ಮ’ ಅಂತ ತಮಾಷೆಗೆ ಕರೆದವನೂ ಅವನೇ.

ಎದೆಗೂ ಹೊಟ್ಟೆಗೂ ನಡುವಿನ ಪರದೆ, ಅಂದರೆ ವಪೆ, ಗರ್ಭದಲ್ಲೇ ಪೂರ್ತಿ ಮುಚ್ಚಿಕೊಂಡಿರಲಿಲ್ಲವಂತೆ. ಆ ತೂತಿನಿಂದ ಕರುಳು, ಗುಲ್ಮದಂಥ ಹೊಟ್ಟೆಯ ಅಂಗಗಳೆಲ್ಲ ಎದೆಗೇರಿ ಎಡ ಶ್ವಾಸಕೋಶವನ್ನು ಮೂಲೆಗೊತ್ತಿದ್ದವು. ಇನ್ನು ಸ್ವಲ್ಪ ಹೊತ್ತಿಗೆ ಆಪರೇಷನ್. “ಭರವಸೆ ಕೊಡೋಕಾಗಲ್ಲಮ್ಮ” ಎಂದಿದ್ದರು ಡಾಕ್ಟರು.

ಮಗುವನ್ನು ಇಲ್ಲಿ ಸೇರಿಸಿದಂದಿನಿಂದ ಅವನು ಒಳಗೆ ಕಾಲಿಟ್ಟಿರಲಿಲ್ಲ!

‘ಇಂಥ ಮಗು ಹೆತ್ತೆ ಅಂತ ನನ್ನ ಮೇಲೆ ಸಿಟ್ಟು...’ ಎಂದೇ ಅವಳು ತಿಳಿದಿದ್ದಳು.

“ಆಳೆತ್ತರದ ಗಾಜನ್ನ ಗೀರು ಬೀಳದ ಹಾಗೆ ಹೊರ್ತೀರಿ. ಮಗಳನ್ನ ಮುಟ್ಟೋಕಾಗಲ್ವಾ? ಅಷ್ಟು ಬೇಡವಾದ್ಲಾ?”

“ನಾನು ಮುಟ್ಟಿದ್ದಕ್ಕೇ ಕಣೇ ಹೀಗಾಗಿದ್ದು!”

ಅವನ ದನಿ ಒಡೆಯಿತು.

“ಅವತ್ತು ಹಾಲು ಕುಡಿದ್ಮೇಲೆ ತೇಗು ಬರಲಿ ಅಂತ ಹೆಗಲಿಗೆ ಹಾಕ್ಕೊಂಡು ಬೆನ್ನು ತಟ್ಟಿದ್ನಲ್ಲ... ನನ್ನ ಹೆಗಲ ಮೇಲೇ ನೀಲಿ ಆದ್ಲು. ಜೋರಾಗಿ ತಟ್ಟಿಬಿಟ್ಟೆ. ನಾನೇ ಒಳಗೇನೋ ಹರಿದುಹಾಕಿದೆ...”

ಡಾಕ್ಟರು ವಿವರಿಸುವಾಗ ಅವನು ಹೊರಗಿದ್ದ. ಮುನಿಸಿನಲ್ಲಿ ಅವಳೂ ಏನನ್ನೂ ಹೇಳಿರಲಿಲ್ಲ. ಇಷ್ಟು ದಿನ ಈ ಮನುಷ್ಯ ಇದನ್ನು ಒಬ್ಬನೇ ನುಂಗಿಕೊಂಡು...

“ಅಯ್ಯೋ ಹುಚ್ಚಪ್ಪಾ! ಆ ತೂತು ಅವಳು ಹುಟ್ಟೋ ಮುಂಚೇನೇ ಇತ್ತು ರೀ. ನೀವು ಮಾಡಿದ್ದಲ್ಲ... ನಾನೂ ಮಾಡಿದ್ದಲ್ಲ.”

“ನಿಜ ಹೇಳ್ತಿದ್ದೀಯಾ? ನನ್ನ ಸಮಾಧಾನಕ್ಕಲ್ಲ ತಾನೇ?”

“ನಿಮ್ಮನ್ನ ಸಮಾಧಾನ ಮಾಡೋಷ್ಟು ಶಕ್ತಿ ನನಗೆಲ್ಲಿದೆ?”

“ಥಿಯೇಟರಿಗೆ ಕರ್ಕೊಂಡು ಹೋಗ್ತೀವಿ, ನೋಡೋದಿದ್ರೆ ಬೇಗ ಬನ್ನಿ!” ನರ್ಸ್ ಕೂಗಿದಳು.

ಅವನು ಕೈಗಳನ್ನು ಮೊಣಕೈವರೆಗೂ ತಿಕ್ಕಿ ತಿಕ್ಕಿ ತೊಳೆದು ಒಳಗೆ ಹೋದ. ಒಂದೇ ಒಂದು ಬೆರಳಿಂದ ಮಗುವಿನ ಪಾದ ಮುಟ್ಟಿದ. ಮಗು ಕಣ್ಣು ಬಿಡಲಿಲ್ಲ. ಪ್ರತಿ ಉಸಿರಿಗೂ ಪಕ್ಕೆಗಳು ಒಳಸೇರುತ್ತಿದ್ದವು.

“ಗುಂಡಮ್ಮಾ...” ಎಂದು ಬಗ್ಗಿ ಕರೆದ.

ಥಿಯೇಟರಿನ ಬಾಗಿಲು ಮುಚ್ಚಿತು. ಇಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತರು.

“ಅವಳು ವಾಪಸ್ ಬರದೇ ಹೋದ್ರೆ...?” ಅವನು ಕೇಳಿದ.

ಅವಳು ಅವನ ಒದ್ದೆ ಕೈಯನ್ನು ಎಳೆದು ಮಡಿಲಲ್ಲಿಟ್ಟುಕೊಂಡಳು.

“ಅಳೋದಾದ್ರೆ ಇಬ್ರೂ ಒಟ್ಟಿಗೇ ಅಳೋಣ ರೀ. ನೀವೊಂದು ಕಡೆ, ನಾನೊಂದು ಕಡೆ ಬೇಡ.”

“ಇನ್ನು ದೂರ ನಿಲ್ಲಲ್ಲ ಕಣೇ... ಇಲ್ಲೇ ಇದ್ದೀನಿ.”