ಮೂಕವಾದ ಮೇಲೂ ಒಂದು ಪುಟ

ಬಹಳ ಹಿಂದೆ ಕೆಂಗೋಟೆ ಎಂಬ ರಾಜ್ಯದಲ್ಲಿ ಸಂಕವ್ವ ಎಂಬ ಹೆಂಗಸಿದ್ದಳು. ಲೋಹ ಸುಡುವ ಮೂಸೆಗಳನ್ನು ಮಾಡಿ ಅರಮನೆಯ ವೈದ್ಯರಿಗೆ ಕೊಡುವುದು ಅವಳ ಕಸುಬು. ಹುತ್ತದ ಮಣ್ಣು, ಭತ್ತದ ಹೊಟ್ಟಿನ ಬೂದಿ, ಸೆಣಬಿನ ನಾರು ಕಲಸಿ ಅವಳು ತಟ್ಟಿದ ಮೂಸೆ ಎಂಥ ಬೆಂಕಿಗೂ ಬಿರಿಯುತ್ತಿರಲಿಲ್ಲ. ವೈದ್ಯರು ಎಸೆದ ಓಲೆಗರಿಗಳನ್ನು ಆಯ್ದು ತಂದು ತಾನೇ ಅಕ್ಷರ ಕಲಿತಿದ್ದಳು. ಅವಳಿಗೆ ತನ್ನವರೆಂದು ಇದ್ದವನು ತಮ್ಮ ದುಗ್ಗಣ್ಣ ಒಬ್ಬನೇ. ಅವನು ಹೊಳೆಯಲ್ಲಿ ದೋಣಿ ನಡೆಸುತ್ತಿದ್ದ.

ಆ ರಾಜ್ಯದ ಬೆಟ್ಟದ ಮೇಲೆ ಲೋಹಾಕ್ಷನೆಂಬ ಮಾಂತ್ರಿಕನಿದ್ದ. ಒಂದು ದಿನ ಅವನು ಊರಿನ ಮೇಲೆ ಉಸಿರು ಬಿಟ್ಟ. ಆ ಗಾಳಿ ಸೋಕಿದ ಮುನ್ನೂರು ಜನ ಪಾದದಿಂದ ಮೇಲಕ್ಕೆ ಕಬ್ಬಿಣವಾಗತೊಡಗಿದರು. ದುಗ್ಗಣ್ಣನೂ ಅವರಲ್ಲೊಬ್ಬ.

ಸಂಕವ್ವ ಓದಿದ್ದ ಒಂದು ಗರಿಯಲ್ಲಿ ಮದ್ದಿತ್ತು. ಮಾಂತ್ರಿಕನ ಕಬ್ಬಿಣದ ಉಗುರನ್ನು ಮೂಸೆಯಲ್ಲಿಟ್ಟು ಮೂರು ಪುಟ ಹಾಕಬೇಕು, ಅಂದರೆ ಬೆರಣಿಯ ಗುಂಡಿಯಲ್ಲಿ ಮೂರು ಸಲ ಸುಡಬೇಕು. ಮೊದಲ ಪುಟದಲ್ಲಿ ಅದು ಅಳುತ್ತದೆ. ಎರಡನೆಯದರಲ್ಲಿ ಹೊಗಳುತ್ತದೆ. ಆಮೇಲೆ ಮೂಕವಾಗುತ್ತದೆ. ಮೂಕವಾದ ಮೇಲೂ ಒಂದು ಪುಟ.

ಅವಳು ಬೆಟ್ಟ ಹತ್ತಿದಳು. ಹಾವು ಪೊರೆ ಬಿಟ್ಟಂತೆ ಮಾಂತ್ರಿಕ ಕಳಚಿ ಬಿಟ್ಟಿದ್ದ ಉಗುರೊಂದನ್ನು ಆಯ್ದು ತಂದು, ಅರಮನೆಯ ಅಂಗಳದಲ್ಲಿ ಗುಂಡಿ ತೋಡಿದಳು.

ಹಿರಿಯ ವೈದ್ಯ ವಜ್ರಪಂಡಿತ ನಕ್ಕ. "ಮಣ್ಣು ತಟ್ಟುವವಳು ಮದ್ದು ಮಾಡ್ತಾಳಂತೆ. ನಾಳೆ ಮಡಕೆಯೂ ನಾಡಿ ನೋಡೀತು."

"ನನ್ನ ಮೂಸೆ ಇಲ್ಲದೆ ನಿಮ್ಮ ಮದ್ದು ಒಂದಾದರೂ ಬೆಂದಿದೆಯೇ ಪಂಡಿತರೇ?" ಎಂದಳು ಸಂಕವ್ವ.

ಮೊದಲ ಪುಟದಲ್ಲಿ ಉಗುರು ಹಸುಗೂಸಿನಂತೆ ಅತ್ತಿತು. ಅಂತಃಪುರದ ಹೆಂಗಸರು ನೀರಿನ ಕೊಡ ಹಿಡಿದು ಓಡಿ ಬಂದರು. ಸಂಕವ್ವ ಅಡ್ಡ ನಿಂತಳು.

ಎರಡನೆಯ ಪುಟದಲ್ಲಿ ಅದು ಜೇನಿನಂಥ ದನಿಯಲ್ಲಿ ಹೇಳಿತು: "ಸಂಕವ್ವಾ, ಈ ಪಂಡಿತರು ನಿನ್ನ ಕಾಲಧೂಳಿಗೂ ಸಮವಲ್ಲ. ನನ್ನನ್ನು ತೆಗೆ. ಅವರು ಈಗಲೇ ನೋಡಲಿ." ಸಂಕವ್ವ ಇನ್ನಷ್ಟು ಬೆರಣಿ ಒಟ್ಟಿದಳು. ಆದರೆ ಆ ಮಾತು ಅವಳ ಕಿವಿಯಲ್ಲಿ ಉಳಿಯಿತು.

ಉಗುರು ಮೂಕವಾಯಿತು. ಮೂಸೆ ಒಡೆದಾಗ ಮಾಗಿದ ನೇರಳೆಯ ಬಣ್ಣದ ಬೂದಿ ಸಿಕ್ಕಿತು. ಮದ್ದು ಬೆಂದಿದೆಯೇ ಎಂದು ವೈದ್ಯರು ಪರೀಕ್ಷಿಸುವಂತೆ ನೀರಿನ ಮೇಲೆ ಉದುರಿಸಿದಳು, ತೇಲಿತು. ಅದರ ಮೇಲೊಂದು ಭತ್ತದ ಕಾಳು ಇಟ್ಟಳು, ಅದೂ ತೇಲಿತು. ಪಂಡಿತರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ಬೆರಗು ಅವಳಿಗೆ ರುಚಿಸಿತು.

ಅಂಗಳಕ್ಕೆ ಹೊತ್ತು ತಂದು ನಿಲ್ಲಿಸಿದ್ದ ದುಗ್ಗಣ್ಣ ಆಗಲೇ ಎದೆಯವರೆಗೆ ಕಬ್ಬಿಣವಾಗಿದ್ದ. ಅವನು ಮೆಲ್ಲಗೆ ಹೇಳಿದ: "ಅಕ್ಕಾ, ಇನ್ನೊಂದು ಪುಟ ಇದೆ ಅಂತ ನೀನೇ ಅಂದಿದ್ದೆ."

"ನೀರಿನ ಮೇಲೆ ನಿಂತಿತಲ್ಲೋ."

"ನಾನೂ ನಿಂತೇ ಇದ್ದೀನಿ. ಕಬ್ಬಿಣದವನಿಗೆ ಏನು ಅವಸರ? ಹಾಕು, ಕಾಯ್ತೀನಿ."

"ನನಗೆ ಹೇಳಿಕೊಡಬೇಡ. ಬಾಯಿ ತೆರೆ."

ಅವನು ಯಾವತ್ತೂ ಅಕ್ಕನ ಮಾತು ಮೀರಿದವನಲ್ಲ. ಬಾಯಿ ತೆರೆದ.

ಕಬ್ಬಿಣ ಇಳಿಯಿತು. ದುಗ್ಗಣ್ಣ ನಡೆದ. ವಜ್ರಪಂಡಿತ ಎದ್ದು ಕೈಮುಗಿದ, ನಗಾರಿ ಮೊಳಗಿತು. ಉಳಿದವರಿಗೆ ಮರುದಿನ ಹಬ್ಬ ಮಾಡಿ ಮದ್ದು ಕೊಡೋಣ ಎಂದ ರಾಜ. ದುಗ್ಗಣ್ಣ ದೋಣಿ ನೋಡಿ ಬರುತ್ತೇನೆಂದು ಹೊಳೆಗೆ ಹೋದ.

ಸಂಜೆಯಾದರೂ ಬರಲಿಲ್ಲ. ಸಂಕವ್ವ ಹುಡುಕಿಕೊಂಡು ಹೋದಳು. ಅವನು ದಡದಲ್ಲಿ ಹುಟ್ಟು ಹಿಡಿದು ನಿಂತಿದ್ದ. ಅರೆಬೆಂದ ಬೂದಿ ಹೊಟ್ಟೆಯೊಳಗೆ ಮತ್ತೆ ಲೋಹವಾಗಿ, ಒಳಗಿನಿಂದ ಹೊರಕ್ಕೆ ಬೆಳೆದಿತ್ತು. ರೆಪ್ಪೆ, ಕೂದಲು, ತುಟಿ, ಎಲ್ಲ ಕಬ್ಬಿಣ.

ಅವಳು ಅಂಗಳಕ್ಕೆ ಮರಳಿ ಹೊಸ ಮೂಸೆ ತಟ್ಟಿದಳು. ಉಳಿದ ಬೂದಿಗೆ ಮೂರನೆಯ ಪುಟ ಹಾಕಿದಳು. ಆಗ ಬೆಟ್ಟದ ಮೇಲೆ ಒಂದು ಕೂಗು ಕೇಳಿಸಿತು. ತನ್ನ ಉಗುರಿನಂತೆಯೇ ಲೋಹಾಕ್ಷನೂ ಬೂದಿಯಾಗಿ ಗಾಳಿಗೆ ಹಾರಿಹೋದ.

ಇನ್ನೂರ ತೊಂಬತ್ತೊಂಬತ್ತು ಜನ ಮದ್ದು ತಿಂದು ಮನೆಗೆ ನಡೆದು ಹೋದರು. ದುಗ್ಗಣ್ಣನ ತುಟಿಗಳ ನಡುವೆ ಮಾತ್ರ ಒಂದು ಕೂದಲು ತೂರುವಷ್ಟೂ ಎಡೆಯಿರಲಿಲ್ಲ.

ರಾಜ ಸಂಕವ್ವನಿಗೆ ಹಿರಿಯ ವೈದ್ಯರ ಪೀಠ ಕೊಟ್ಟ. ಕೆಂಗೋಟೆಯಲ್ಲಿ ಮಳೆ ಬೆಳೆ ಚೆನ್ನಾಗಿ ಆಯಿತು, ಮಕ್ಕಳು ಹುಟ್ಟಿದವು, ಜನ ಸುಖವಾಗಿದ್ದರು. ಸಂಕವ್ವ ದಿನವೂ ಹೊಳೆಗೆ ಹೋಗಿ, ಚಿಟಿಕೆ ಬೂದಿಯನ್ನು ತಮ್ಮನ ತುಟಿಗೆ ಸವರಿ, ಬಹಳ ಹೊತ್ತು ನಿಲ್ಲುತ್ತಿದ್ದಳು.

"ಹೇಳಿಕೊಡೋ," ಎನ್ನುತ್ತಿದ್ದಳು. "ಈಗ ಕೇಳ್ತೀನಿ."