ಬಲಗಡೆಯ ಸ್ಪೀಕರ್

ಕಾತ್ರಜ್ ಘಾಟಿನ ಇಳಿಜಾರಿನಲ್ಲಿ ಕಾರು ಓಡಿಸುತ್ತಿದ್ದ ಮಾಂತು ಏನೋ ಕೇಳಿದ. ಪಕ್ಕದಲ್ಲಿದ್ದ ದೀಪಾಲಿ ನಕ್ಕು ‘ಹೂಂ’ ಅಂದಳು.

ಅವನು ಕೇಳಿದ್ದೇನೆಂದು ಅವಳಿಗೆ ಗೊತ್ತೇ ಇರಲಿಲ್ಲ. ತುಟಿ ಅಲ್ಲಾಡಿದ್ದು ಕಂಡಿತ್ತು, ಅಷ್ಟೇ. ಇಂಥ ಹೊತ್ತಿಗೆಂದು ಅವಳ ಬಳಿ ಒಂದು ‘ಹೂಂ’ ಸದಾ ತಯಾರಿರುತ್ತಿತ್ತು, ಜೊತೆಗೊಂದು ನಗು. ಟೀಚರಿಗೂ, ಬಸ್ ಕಂಡಕ್ಟರಿಗೂ, ಮದುವೆಮನೆಗಳಲ್ಲಿ ಕುಶಲ ಕೇಳುವ ಸೋದರತ್ತೆಯರಿಗೂ ಅದು ಸಾಕಾಗಿತ್ತು. ಆದರೆ ಅವತ್ತು ಮಾಂತುವಿನ ಮುಖ ಇಳಿದುಹೋಯಿತು. ಅವನು ಮತ್ತೆ ಬಾಯಿ ತೆರೆಯಲಿಲ್ಲ. ಗುಲ್ಟೇಕಡಿಯ ಅವಳ ಮನೆ ಮುಂದೆ ಇಳಿಸಿ, ಬರ್ತೀನಿ ಅಂತಲೂ ಹೇಳದೆ ಹೋದ.

ಓದುವವರಿಂದ ಮುಚ್ಚಿಡುವುದೇನಿದೆ, ಈಗಲೇ ಹೇಳಿಬಿಡುತ್ತೇನೆ. ದೀಪಾಲಿಗೆ ಬಲಗಿವಿ ಕೇಳಿಸುವುದಿಲ್ಲ. ಏಳನೆಯ ವರ್ಷದಲ್ಲಿ ಮಂಗನಬಾವು ಬಂದು ಎಂಟು ದಿನ ಮಲಗಿ ಎದ್ದಾಗ ಆ ಕಡೆಯ ಜಗತ್ತು ಬಾಗಿಲು ಹಾಕಿಕೊಂಡಿತ್ತು. ಎಡಗಿವಿ ಇಬ್ಬರ ಕೆಲಸ ಮಾಡುತ್ತಿದ್ದುದರಿಂದ ನೋಡಿದವರಿಗೆ ಸುಳಿವು ಸಿಗುತ್ತಿರಲಿಲ್ಲ. ಯಾರ ಜೊತೆ ನಡೆದರೂ ಅವರನ್ನು ಎಡಕ್ಕೆ ಬಿಟ್ಟುಕೊಳ್ಳುವಳು. ಹೋಟೆಲಿನಲ್ಲಿ, ಸಿನಿಮಾದಲ್ಲಿ, ರಿಕ್ಷಾದಲ್ಲಿ ಬಲತುದಿಯ ಜಾಗ ಹಿಡಿಯುವಳು. ಇಷ್ಟು ಜಾಣತನ ಕಲಿಯಲು ಒಬ್ಬ ಹುಡುಗಿ ಎಷ್ಟು ಹೆದರಿರಬೇಕು, ನೀವೇ ಲೆಕ್ಕ ಹಾಕಿ.

ತಂದೆ ಈರಬಸಪ್ಪನವರು ವಿಜಾಪುರದ ಕಡೆಯಿಂದ ಪುಣೆಗೆ ಬಂದು, ಮಾರ್ಕೆಟ್ ಯಾರ್ಡಿನಲ್ಲಿ ಮೆಣಸಿನಕಾಯಿ ವ್ಯಾಪಾರ ಹಿಡಿದು ನಿಂತವರು. ಹೋದ ವರ್ಷ ಸೊಲ್ಲಾಪುರದ ಒಂದು ಸಂಬಂಧ ಕೂಡಿಬಂದು, ಕಿವಿಯ ಸುದ್ದಿ ತಿಳಿದ ಮರುದಿನವೇ ಮುರಿದುಬಿದ್ದಿತ್ತು. ‘ಕಿವುಡಿ ನಮಗ ಬ್ಯಾಡ’ ಎಂದು ಆ ಮನೆಯವರು ಬಾಗಿಲಲ್ಲಿ ನಿಂತು ಹೇಳಿದ್ದನ್ನು ದೀಪಾಲಿ ತನ್ನ ಒಳ್ಳೆಯ ಕಿವಿಯಿಂದಲೇ ಕೇಳಿಸಿಕೊಂಡಿದ್ದಳು. ಹಾಗಾಗಿ ಮಾಂತುವಿನ ಜೊತೆ ನಿಶ್ಚಯವಾದ ದಿನ ತಾಯಿ ಕಾಶವ್ವ ಮಗಳನ್ನು ಒಳಗೆ ಕರೆದು, ದೇವರ ಜಗಲಿ ಮುಟ್ಟಿಸಿ ಆಣೆ ಹಾಕಿಸಿಕೊಂಡಳು.

“ಸಾವಿರ ಸುಳ್ಳು ಹೇಳಿ ಒಂದು ಮದುವಿ ಮಾಡು ಅಂತಾರ. ನಾ ಒಂದೂ ಸುಳ್ಳು ಹೇಳಿಲ್ಲವಾ, ಸುಮ್ನ ಅದೀನಷ್ಟ. ಮೂರು ಗಂಟು ಬೀಳೂತನಕ ನೀನೂ ಸುಮ್ನಿರು.”

ಸುಮ್ಮನಿರುವುದು ಸುಲಭವೇ ಇತ್ತು, ಮಾಂತುವಿನ ಮೇಲೆ ಮನಸ್ಸು ಹೋಗುವ ತನಕ. ನಗುವಾಗ ಅವನ ಒಂದೇ ಕೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ಆ ಗುಳಿ ನೋಡಲೆಂದೇ ಅವಳು ಇಲ್ಲದ ಜೋಕು ಹುಡುಕುತ್ತಿದ್ದಳು. ಅವನಿಗೆ ರಾಂಜಣಗಾಂವದ ಕಾರ್ಖಾನೆಯಲ್ಲಿ ಎರಕದ ಬಿಡಿಭಾಗ ಪರೀಕ್ಷಿಸುವ ಕೆಲಸ. ಸಣ್ಣ ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿ, ಕಣ್ಣಿಗೆ ಕಾಣದ ಬಿರುಕನ್ನೂ ಹಿಡಿಯುತ್ತಾನೆ. ಬಿರುಕಿದ್ದದ್ದಕ್ಕೆ ಕೆಂಪು ಬಣ್ಣ ಬಳಿದು ರಿಜೆಕ್ಟ್ ರಾಶಿಗೆ ಎಸೆಯುವುದಂತೆ. ಅವನು ಇದನ್ನೆಲ್ಲ ಖುಷಿಯಿಂದ ವರ್ಣಿಸುವಾಗ ಅವಳು ಚಹಾದ ಕಪ್ಪನ್ನು ಹಾಗೇ ಕೆಳಗಿಟ್ಟಿದ್ದಳು.

ಮಾಂತುವಿನ ಬಳಿ ಬೈಕು ಇದ್ದಾಗ ಕಷ್ಟವಿರಲಿಲ್ಲ. ಬೈಕಿನ ಮೇಲೆ ಗಾಳಿ ಎಲ್ಲರನ್ನೂ ಕಿವುಡು ಮಾಡುತ್ತದೆ, ಯಾರೂ ಯಾರನ್ನೂ ತಪ್ಪು ಹಿಡಿಯುವುದಿಲ್ಲ. ಆದರೆ ಎರಡು ಸಾವಿರದ ಎರಡನೆಯ ಇಸವಿಯ ಸಂಕ್ರಾಂತಿಗೆ ಮಾಂತು ಒಂದು ಸೆಕೆಂಡ್ ಹ್ಯಾಂಡ್ ಮಾರುತಿ ಝೆನ್ ಕೊಂಡ. ಮನೆಮಂದಿಯೆಲ್ಲ ಪೇಢೆ ತಿಂದರು, ಇವಳೊಬ್ಬಳು ಹೆದರಿದಳು. ಗಾಜು ಏರಿಸಿದರೆ ಕಾರಿನೊಳಗೆ ಗಾಳಿಯ ನೆಪವಿಲ್ಲ. ಓಡಿಸುವವನು ಬಲಕ್ಕೆ, ಇವಳು ಎಡಕ್ಕೆ. ಅವನ ಮಾತೆಲ್ಲ ಬಂದು ಅವಳ ಬಲಗಿವಿಗೆ ಬಡಿದು ಕೆಳಗೆ ಬೀಳುತ್ತಿತ್ತು.

ಘಾಟಿನ ಆ ‘ಹೂಂ’ ಆದ ಮೇಲೆ ಅವಳಿಗೊಂದು ಉಪಾಯ ಹೊಳೆಯಿತು. ಕಾರಿಗೆ ಒಳ್ಳೆಯ ಸ್ಪೀಕರು, ಆಂಪ್ಲಿಫೈಯರು ಹಾಕಿಸೋಣ, ಜೋರಾಗಿ ಹಾಡು ಕೇಳೋಣ ಎಂದು ಫೋನಿನಲ್ಲಿ ಅವಳೇ ಕೇಳಿದಳು. ಹಾಡು ಜೋರಿದ್ದರೆ ಮಾತು ಕೇಳಿಸಲಿಲ್ಲ ಎನ್ನಲು ಕಾರಣ ಸಿಕ್ಕಿತಲ್ಲ!

“ನನ್ನ ಮಾತಿಗಿಂತ ಹಾಡು ಛಲೋ ಅಂತೀರೇನು?” ಅಂದ ಮಾಂತು.

ಈ ಸಲ ಮಾತು ಎಡಗಿವಿಗೇ ಬಂದಿತ್ತು. ಕೇಳಿಸಿತು, ಆದರೆ ಅದರ ಹಿಂದಿದ್ದುದು ತಿಳಿಯಲಿಲ್ಲ. ಅವನಿಗೆ ಎಲ್ಲ ಗೊತ್ತಾಗಿಹೋಗಿದೆ, ಅದಕ್ಕೇ ಚುಚ್ಚುತ್ತಿದ್ದಾನೆ ಎಂದುಕೊಂಡು ಅವಳು ರಿಸೀವರ್ ಇಟ್ಟ ಮೇಲೂ ಅಲ್ಲೇ ನಿಂತಿದ್ದಳು.

ಮುಂದಿನ ರವಿವಾರ ಬೆಳಿಗ್ಗೆ ಇಬ್ಬರೂ ನಾನಾ ಪೇಠೆಯ ಭುಜಂಗನ ಅಂಗಡಿಗೆ ಹೋದರು. ಭುಜಂಗನಿಗೆ ಗಿರಾಕಿಗಳನ್ನು ಪರೀಕ್ಷಿಸುವ ಚಟ. ಬಂದವರಿಗೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: “ಗಾಣಂ ಐಕಾಯಚಂಯ್, ಕೀ ಐಕವಾಯಚಂಯ್?” ಹಾಡು ನೀವು ಕೇಳಬೇಕೋ, ಬೀದಿಗೆ ಕೇಳಿಸಬೇಕೋ ಅಂತ. ಕೇಳಬೇಕು ಎಂದು ಮಾಂತು ಹೇಳಿದ್ದಕ್ಕೆ ಅವನ ಮುಖ ಅರಳಿತು. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿರುವ ವ್ಯಾಟ್ ಬರೀ ಜಂಬ, ಮೂಲೆಯಲ್ಲಿ ಸಣ್ಣಗೆ ಬರೆದದ್ದೇ ನಿಜ ಎಂದು ಪಾಠ ಶುರುಮಾಡಿದ. ಸ್ಪೀಕರು ಎಷ್ಟು ತಡೆದೀತು ಎಂದು ನೋಡಿ ಅದಕ್ಕೆ ತಕ್ಕ ಆಂಪ್ಲಿಫೈಯರ್ ತರಬೇಕು. ಜೋಡಿ ಹೊಂದದಿದ್ದರೆ ಒಂದು ಕಿರುಚುತ್ತದೆ, ಇನ್ನೊಂದು ಸುಡುತ್ತದೆ ಎಂದು ಮರಾಠಿಯಲ್ಲಿ ಹೇಳಿ, ಇಬ್ಬರನ್ನೂ ನೋಡಿ ಕಣ್ಣು ಮಿಟುಕಿಸಿದ. ಬೇರೆ ದಿನವಾಗಿದ್ದರೆ ದೀಪಾಲಿ ನಾಚುತ್ತಿದ್ದಳು.

ಗೋಡೆಯ ಹಲಗೆಯಲ್ಲಿ ಎರಡು ಜೋಡಿ ಸ್ಪೀಕರ್ ಇದ್ದವು. ಭುಜಂಗ ಸ್ವಿಚ್ಚು ಅತ್ತ ಒತ್ತುವನು, ಇತ್ತ ಒತ್ತುವನು. ಯಾವುದು ಚೆಂದ ಎಂದು ಕೇಳುವನು. ದೀಪಾಲಿ ಸ್ಪೀಕರಿಗಿಂತ ಹೆಚ್ಚಾಗಿ ಮಾಂತುವಿನ ಹುಬ್ಬು ನೋಡುತ್ತಿದ್ದಳು, ಎಲ್ಲಿ ಏರಿದರೆ ಅದನ್ನೇ ಆರಿಸೋಣವೆಂದು. ಮಾಂತುವಿನ ಕಣ್ಣು ಅವಳ ತುಟಿಯ ಮೇಲಿತ್ತು, ಎಲ್ಲಿ ಅರಳಿದರೆ ಅದನ್ನೇ ಕೊಳ್ಳೋಣವೆಂದು. ಇಬ್ಬರ ನೋಟ ಮಧ್ಯದಲ್ಲಿ ಡಿಕ್ಕಿ ಹೊಡೆದಾಗ ಇಬ್ಬರೂ ಒಟ್ಟಿಗೆ “ಇದು” ಅಂದರು. ಬೆರಳು ಮಾತ್ರ ಬೇರೆ ಬೇರೆ ಜೋಡಿಯ ಕಡೆ ಇತ್ತು. ಅವನ ಕೆನ್ನೆಯಲ್ಲಿ ಗುಳಿ ಮೂಡಿ, ಮೂಡಿದಷ್ಟೇ ಬೇಗ ಅಳಿಸಿಹೋಯಿತು. ಕೊನೆಗೆ ಅವಳು ತೋರಿಸಿದ್ದೇ ಆಯಿತು.

ಮಧ್ಯಾಹ್ನದ ಹೊತ್ತಿಗೆ ಮುಂದಿನ ಎರಡು ಬಾಗಿಲಿಗೆ ಸ್ಪೀಕರು ಕೂತವು, ಸೀಟಿನ ಕೆಳಗೆ ಆಂಪ್ಲಿಫೈಯರ್ ಕೂತಿತು. ಮುಗಿಯಿತು, ಇನ್ನು ಜೋರಾಗಿ ಹಾಡು ಹಾಕಿದರಾಯಿತು ಎಂದು ದೀಪಾಲಿ ಉಸಿರುಬಿಡುವಷ್ಟರಲ್ಲಿ ಭುಜಂಗ ಅವಳನ್ನು ಎಡ ಸೀಟಿನಲ್ಲಿ ಕೂರಿಸಿ, ಕಣ್ಣು ಮುಚ್ಚಲು ಹೇಳಿದ. ಮಾಂತು ಬಲ ಸೀಟಿನಲ್ಲಿ ಕೂತಿದ್ದ. ಎರಡೂ ಬದಿಯ ಸದ್ದು ಸಮ ಮಾಡಬೇಕು, ಹಾಡು ಎತ್ತಲಿಂದ ಬರುತ್ತಿದೆ ಎಂದು ಅಕ್ಕನವರೇ ಹೇಳಲಿ, ಹೆಂಗಸರ ಕಿವಿ ಸೂಕ್ಷ್ಮ ಎಂದ.

ಒಂದೇ ಕಿವಿ ಇದ್ದವರಿಗೆ ಸದ್ದು ಕೇಳಿಸುತ್ತದೆ, ಸದ್ದಿನ ದಿಕ್ಕು ಕೇಳಿಸುವುದಿಲ್ಲ. ಅವಳ ಪಾಲಿಗೆ ಲೋಕದ ಎಲ್ಲ ಸದ್ದೂ ಎಡದಿಂದಲೇ ಬರುತ್ತದೆ.

“ಎಡಕ್ಕೆ,” ಅಂದಳು. ಭುಜಂಗ ಗುಂಡಿ ತಿರುಗಿಸಿ ಮತ್ತೆ ಕೇಳಿದ. “ಎಡಕ್ಕೆ.” ಮತ್ತೊಮ್ಮೆ ತಿರುಗಿಸಿದ. “ಈಗಲೂ ಎಡಕ್ಕೇ.”

ಭುಜಂಗನ ಮಾನದ ಪ್ರಶ್ನೆಯಾಯಿತು. ಅವನು ಸದ್ದನ್ನು ಪೂರ್ತಿ ಬಲಕ್ಕೆ ಒಯ್ದಿದ್ದ. ವೈರು ಅದಲುಬದಲಾಗಿದೆ ಎಂದುಕೊಂಡು ಬಾಗಿಲ ಒಳಹಲಗೆ ಬಿಚ್ಚಿ, ವೈರಿನ ತುದಿಗೆ ಪೆನ್ಸಿಲ್ ಸೆಲ್ ತಾಗಿಸಿ, ಸ್ಪೀಕರಿನ ಕಾಗದ ಮುಂದಕ್ಕೆ ಜಿಗಿಯುತ್ತದೆಯೋ ಎಂದು ನೋಡಿದ. ಜಿಗಿಯಿತು. ಎಲ್ಲ ಸರಿಯಿತ್ತು. ಪೂರ್ತಿ ಬಲಕ್ಕೆ ತಿರುಗಿಸಿ ಮತ್ತೆ ಕೇಳಿದ. ಅವಳು ಹೆದರಿಕೆಯಲ್ಲಿ ಬಾಯಿಗೆ ಬಂದದ್ದನ್ನೇ ಅಂದಳು: “ಎಡಕ್ಕೆ.”

ಹಾಡು ನಿಂತಿತು. ಆಮೇಲೆ ಏನೂ ಇಲ್ಲ. ಎಷ್ಟು ಹೊತ್ತು ಏನೂ ಇರಲಿಲ್ಲವೋ, ಅವಳು ತಡೆಯಲಾರದೆ ಕಣ್ಣು ತೆರೆದಳು. ಮಾಂತು ಅವಳ ಬಲಗಿವಿಯ ಹತ್ತಿರಕ್ಕೇ ಬಾಗಿದ್ದ. ಅವನ ತುಟಿ ಆಗಷ್ಟೇ ಮುಚ್ಚಿಕೊಳ್ಳುತ್ತಿತ್ತು. ಏನೋ ಹೇಳಿ ಮುಗಿಸಿದ್ದ.

ಈ ಸಲ ಅವಳಿಗೆ ‘ಹೂಂ’ ಅನ್ನಲೂ ಆಗಲಿಲ್ಲ. ತಟ್ಟಿ ನೋಡಿದ, ಬಿರುಕು ಸಿಕ್ಕಿತು, ಮುಗಿಯಿತು ಎಂದುಕೊಂಡಳು. ಮಾಂತು ಇಳಿದು ಭುಜಂಗನಿಗೆ ವೈರಿಂಗ್ ಬರೋಬರಿ ಇದೆ, ನಿಮ್ಮದೇನೂ ತಪ್ಪಿಲ್ಲ ಎಂದು ಹೇಳಿ ಬಂದು ಕಾರು ತೆಗೆದ. ಹೊಸ ಸ್ಪೀಕರು ಸುಮ್ಮನೇ ಕೂತಿದ್ದವು. ಬಂಡ್ ಗಾರ್ಡನ್ ಕಡೆ ಹೊಳೆಯ ಪಕ್ಕದ ರಸ್ತೆಯಲ್ಲಿ, ಒಂದು ಮರದ ನೆರಳಿಗೆ ಕಾರು ನಿಲ್ಲಿಸಿ ಕೀಲಿ ತಿರುಗಿಸಿದ. ದೀಪಾಲಿ ತನ್ನ ಕೈಬೆರಳ ನಿಶ್ಚಯದ ಉಂಗುರ ನೋಡಿಕೊಂಡಳು. ಅವನು ಕೇಳುವ ಮುಂಚೆ ತಾನೇ ಕೊಟ್ಟುಬಿಡಬೇಕು ಅನ್ನಿಸಿತು. ಜಗಲಿಯ ಆಣೆ ನೆನಪಾಯಿತು. ಸೊಲ್ಲಾಪುರದವರ ಮುಖವೂ ನೆನಪಾಯಿತು. ಆದರೂ ಹೇಳಿದಳು.

“ನನ್ನ ಬಲಗಿವಿ ಕೇಳಸಂಗಿಲ್ರಿ. ಸಣ್ಣಾಕಿ ಇದ್ದಾಗಿಂದ. ಅವ್ವ ಹೇಳಬ್ಯಾಡ ಅಂದಿದ್ಲು ಖರೆ, ಆದ್ರ ಮುಚ್ಚಿಟ್ಟಾಕಿ ನಾನ. ನಿಮಗ ಬ್ಯಾಡ ಆಗಿದ್ರ ಈಗ ಹೇಳ್ರಿ. ನೀವು ಕೆಂಪು ಬಣ್ಣ ಹಚ್ಚೂದು ಬ್ಯಾಡ, ಮನ್ಯಾಗ ನಾನ ಹೇಳ್ತೀನಿ.”

ಹೇಳಿ ಮುಗಿಸಿ ಅವನ ತುಟಿಯನ್ನೇ ನೋಡುತ್ತ ಕೂತಳು. ಓಡಿಹೋಗುವಷ್ಟು ಹೆದರಿಕೆ, ಆದರೆ ಕಣ್ಣು ತೆಗೆದರೆ ತೀರ್ಪೇ ತಪ್ಪಿಹೋದೀತು. ಮಾಂತು ಪೂರ್ತಿ ಅವಳ ಕಡೆ ತಿರುಗಿ, ಒಂದೊಂದೇ ಮಾತು ಬಿಡಿಸಿ ಕೇಳಿದ.

“ಅವತ್ತು ಘಾಟಿನ್ಯಾಗ ನಾ ಏನು ಕೇಳಿದೆ, ಗೊತ್ತದ ಏನು?”

“ಇಲ್ರಿ.”

“ಮತ್ತ ಹೂಂ ಅಂದ್ರಿ?”

“ನಾ ಎಲ್ಲಾದಕ್ಕೂ ಹೂಂ ಅಂತೀನ್ರಿ.”

ಮಾಂತು ಸ್ಟೇರಿಂಗಿನ ಮೇಲೆ ಹಣೆ ಇಟ್ಟ. ಹಾರ್ನ್ ಜೋರಾಗಿ ಕೂಗಿಕೊಂಡಿತು. ಅವನೂ ಬೆಚ್ಚಿದ, ಅವಳೂ ಬೆಚ್ಚಿದಳು. ತಲೆ ಎತ್ತಿದಾಗ ಅವನ ಕಣ್ಣು ಒದ್ದೆಯಾಗಿತ್ತು, ಆದರೆ ಕೆನ್ನೆಯಲ್ಲಿ ಗುಳಿಯಿತ್ತು. ಏನೆಂದು ತಿಳಿದುಕೊಳ್ಳಬೇಕೋ ಅವಳಿಗೆ ಅರ್ಥವಾಗಲಿಲ್ಲ. ಅವನು ಕೆಳಗಿಳಿದು, ಕಾರಿನ ಮುಂದಿನಿಂದ ಸುತ್ತಿಬಂದು ಅವಳ ಬಾಗಿಲು ತೆಗೆದ. ಕರೆದುಕೊಂಡು ಹೋಗಿ ಡ್ರೈವರ್ ಸೀಟಿನಲ್ಲಿ ಅವಳನ್ನು ಕೂರಿಸಿದ. ತಾನು ಬಂದು ಅವಳ ಎಡಕ್ಕೆ, ಅವಳ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡ.

“ಇಲ್ಲಿಂದ ಕೇಳಸ್ತದ?” ಮೆಲ್ಲಗೆ ಕೇಳಿದ.

“ಹೂಂ.”

“ಖರೇನ ಹೂಂ, ಏನು ಆ ಹೂಂ?”

“ಖರೇನ,” ಅಂದಳು. ಅವಳಿಗೆ ಅಳು ಬಂತು.

ಇಷ್ಟು ದಿನ ಹೊತ್ತದ್ದನ್ನು ಮಾಂತು ಆಗ ಇಳಿಸಿದ. ಹೋದ ಸಲ ನಗುನಗುತ್ತ ಅವಳು ಕೊಟ್ಟ ಉತ್ತರ ಕೇಳಿ ಅವನ ನಿದ್ದೆ ಹೋಗಿತ್ತು. ಅದರ ಮೇಲೆ ಜೋರಾಗಿ ಹಾಡು ಬೇಕೆಂದಾಗ, ತನ್ನ ಮಾತೇ ಬೇಡವಾಗಿದೆ ಎಂದುಕೊಂಡಿದ್ದ. ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ, ಅದನ್ನು ಕೊಡಿಸಿ, ಸಂಜೆ ಈರಬಸಪ್ಪನವರ ಮುಂದೆ ಕೂತು ತಾನಾಗಿಯೇ ನಿಶ್ಚಯ ಮುರಿದುಕೊಳ್ಳಬೇಕೆಂದು ಮನೆಯಿಂದ ಹೊರಟಿದ್ದ. ಅವಳ ಮೇಲೆ ಮಾತು ಬರಬಾರದು ಅಂತ.

“ಘಾಟಿನ್ಯಾಗ ಕೇಳಿದ್ದನ್ನ ಈಗ ಮತ್ತ ಕೇಳ್ತೀನಿ,” ಅಂದ. ಅಲ್ಲಿಯ ತನಕ ನೀವು ಅನ್ನುತ್ತಿದ್ದವನು ಈಗ ನೀ ಅಂದ. “ಮನ್ಯಾಗ ಒತ್ತಾಯ ಮಾಡ್ಯಾರಂತ ನನ್ನ ಲಗ್ನ ಆಗಾಕ ಒಪ್ಪೀಯೇನು ನೀ?”

ದೀಪಾಲಿಗೆ ಒಂದೊಂದು ಅಕ್ಷರವೂ ಕೇಳಿಸಿತು. ತಾನು ಆ ಪ್ರಶ್ನೆಗೆ ನಗುತ್ತ ಏನೆಂದಿದ್ದೆನೆಂದು ತಿಳಿದು ಮೈ ಜುಮ್ಮೆಂದಿತು. ಇನ್ನೊಂದು ದಿನ ಸುಮ್ಮನಿದ್ದಿದ್ದರೆ ಆ ಒಂದು ‘ಹೂಂ’ ಇವನನ್ನು ಒಯ್ದುಬಿಡುತ್ತಿತ್ತು. ಹದಿನಾರು ವರ್ಷ ಅವಳನ್ನು ಕಾಯ್ದಿದ್ದ ಮಾತು ಅದು. ಅವಳು ಅದನ್ನು ಬಿಟ್ಟಳು.

“ಇಲ್ಲ,” ಅಂದಳು. “ಯಾರ ಒತ್ತಾಯನೂ ಇಲ್ಲ. ನನಗ ನೀವ ಬೇಕು.”

ಅವನು ಅವಳ ಉಂಗುರದ ಬೆರಳನ್ನು ಹಿಡಿದುಕೊಂಡ. ಅಂಗಡಿಯಲ್ಲಿ ಬಲಗಿವಿಗೆ ಏನು ಹೇಳಿದಿರಿ ಎಂದು ಅವಳು ಕೇಳಿದಳು. ಅದನ್ನು ಇನ್ನೊಮ್ಮೆ ಹೇಳಲು ನಾಚಿಕೆ ಎಂದು ಅವನು ತಪ್ಪಿಸಿಕೊಂಡ. ಅವಳು ಬಿಡಲಿಲ್ಲ. ಕೊನೆಗೆ ಎಡಗಿವಿಗೆ ಬಾಗಿ ಹೇಳಿದ. ಅದನ್ನು ನಾನು ನಿಮಗೆ ಹೇಳುವುದಿಲ್ಲ. ಅವಳ ಕಿವಿ ಕೆಂಪಾಯಿತು, ಅಷ್ಟು ಸಾಕು.

“ನಿಮ್ಮವ್ವಗ ಏನೂ ಹೇಳಬ್ಯಾಡ,” ಅಂದ. “ಮೂರು ಗಂಟು ಬೀಳೂತನಕ ನನಗೂ ಗೊತ್ತಿಲ್ಲ.”

ಆಮೇಲೆ ಕೀಲಿ ಅವಳ ಕೈಗೆ ಕೊಟ್ಟ. ನಾಳೆಯಿಂದ ಡ್ರೈವಿಂಗ್ ಕಲಿಯಬೇಕು, ಈ ಸೀಟು ಇನ್ನು ನಿನ್ನದೇ ಎಂದ. ಎಡಗಾಲಿನ ಕೆಳಗಿರುವುದು ಕ್ಲಚ್ಚು, ಮೆಲ್ಲಗೆ ಬಿಡಬೇಕು ಎಂದು ತೋರಿಸಿದ. ಅವಳು ಕೀಲಿ ತಿರುಗಿಸಿ ಹಾಡಿನ ಗುಂಡಿ ಒತ್ತಿದ್ದೇ ತಡ, ಭುಜಂಗ ಅರ್ಧಕ್ಕೆ ನಿಲ್ಲಿಸಿದ್ದ ಹಾಡು ಹೊಸ ಆಂಪ್ಲಿಫೈಯರಿನ ಪೂರ್ತಿ ಬಲದಿಂದ ಎದ್ದಿತು. ಮಾಂತು ಕೈ ಚಾಚಿ ಅದನ್ನು ಬಂದ್ ಮಾಡಿದ. ಅಷ್ಟು ಆರಿಸಿ ಹಾಕಿಸಿದ್ದಲ್ಲ, ಯಾಕೆ ಎಂದು ಅವಳು ಕೇಳಿದಳು.

“ಇರ್ಲಿ,” ಅಂದ ಮಾಂತು. “ನಾ ಇನ್ನೂ ಮಾತಾಡೂದದ.”